ನಲವತ್ತೊಂದನೇ ಸೈಟು

ನಮ್ಮ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಅದು ಅಪ್ಪನ ನಿಯಮ. ಕ್ಯಾಲೆಂಡರು ಅಡುಗೆಮನೆಯ ಕಿಟಕಿ ಸರಳಿಗೆ ಕಟ್ಟಿದ ದಾರದಲ್ಲಿ ತೂಗುತ್ತಿತ್ತು. ಗಾಳಿ ಬೀಸಿದರೆ ತಿರುಗಿ ಬೆನ್ನು ತೋರಿಸುತ್ತಿತ್ತು. ಅಮಾವಾಸ್ಯೆ ಯಾವತ್ತೆಂದು ನೋಡಬೇಕಾದಾಗ ಅಮ್ಮ ಸೌಟಿನ ಹಿಡಿಯಿಂದ ಅದನ್ನು ಈ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು. ದೇವರ ಪಟಗಳು ಒಂದು ಹಲಗೆಯ ಮೇಲೆ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಕನ್ನಡಿ ಒಂದು ಟ್ರಂಕಿನ ಮೇಲಿತ್ತು, ಆದ್ದರಿಂದ ಅಪ್ಪ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದರು, ನಾನು ನಿಂತು ತಲೆ ಬಾಚಿಕೊಳ್ಳುತ್ತಿದ್ದೆ. ಗೋಡೆಗಳು ಸುಣ್ಣ ಬಳಿದ ದಿನ ಹೇಗಿದ್ದವೋ ನಾವು ಮನೆ ಬಿಡುವ ದಿನವೂ ಹಾಗೇ ಇರಬೇಕಿತ್ತು. ಏಕೆಂದರೆ ಆ ಮನೆ ನಮ್ಮದಾಗಿರಲಿಲ್ಲ. ಇನ್ನೂ ಬಂದಿಲ್ಲದ ಯಾರದೋ ಆಗಿತ್ತು.

ಅಪ್ಪ ಅತ್ತಿಗುಂಡಿ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಎಷ್ಟು ಆಳು ಬಂದರು, ಯಾವ ಬ್ಲಾಕಿನಲ್ಲಿ ಎಷ್ಟು ಗಿಡದ ರೆಂಬೆ ಸವರಿದ್ದಾಯಿತು, ಎಷ್ಟು ಗಿಡ ಸತ್ತು ಹೊಸದಾಗಿ ನೆಡಬೇಕು ಎಂಬುದನ್ನೆಲ್ಲ ಬರೆದಿಡುವ ಕೆಲಸ. ತೋಟ ಮಾಲೀಕರ ಮಕ್ಕಳಲ್ಲಿ ಪಾಲಾಗಿ, ರೈಟರ್ ಬೇಡವಾದಾಗ ಅವರು ಪೇಟೆಗೆ ಇಳಿದು ಬಂದರು. ಚಿಕ್ಕಮಗಳೂರು ಆಗ ನಾಲ್ಕು ರಸ್ತೆಯ ಊರು. ಮೂಡಿಗೆರೆ, ಕಳಸ, ಸಂಸೆಯ ಕಡೆಯವರು ಮಕ್ಕಳ ಓದಿಗೆ, ಆಸ್ಪತ್ರೆಗೆ, ಮಳೆಗಾಲ ಕಳೆಯುವುದಕ್ಕೆ ಪೇಟೆಯಲ್ಲೊಂದು ಮನೆ ಇರಲಿ ಎಂದು ಹುಡುಕತೊಡಗಿದ್ದನ್ನು ಅಪ್ಪ ಇತರರಿಗಿಂತ ಮೊದಲು ನೋಡಿದರು. ಊರಂಚಿನ ಜಮೀನು ಹಿಡಿದು, ರಸ್ತೆ ಎಳೆದು, ಸೈಟು ಮಾಡಿ ಮಾರತೊಡಗಿದರು. ಆ ಕೆಲಸಕ್ಕೆ ಆಗ ನಮ್ಮೂರಲ್ಲಿ ಹೆಸರಿರಲಿಲ್ಲ. ಕಡೆಯವರೆಗೂ ಜನ ಅವರನ್ನು ಕರೆದದ್ದು ರೈಟ್ರು ಎಂದೇ.

ಅವರದೊಂದು ಕ್ರಮವಿತ್ತು. ಖಾಲಿ ಬಯಲಿನಲ್ಲಿ ಕಲ್ಲು ನೆಟ್ಟು ಇದು ನಿಮ್ಮ ಸೈಟು ಎಂದರೆ ಘಟ್ಟದವರು ತಲೆ ಆಡಿಸಿ ಹೋಗುತ್ತಿದ್ದರೇ ಹೊರತು ಕೊಳ್ಳುತ್ತಿರಲಿಲ್ಲ. ಅಲ್ಲೊಂದು ಮನೆ ಇರಬೇಕು, ಮನೆಯಲ್ಲಿ ಹೊಗೆ ಕಾಣಬೇಕು, ತಂತಿಯ ಮೇಲೆ ಬಟ್ಟೆ ಒಣಗಬೇಕು. ಹಾಗಾಗಿ ಪ್ರತಿ ಬಡಾವಣೆಯ ಒಂದನೇ ಸೈಟಿನಲ್ಲಿ ಅಪ್ಪ ಮೊದಲು ಒಂದು ಮನೆ ಕಟ್ಟಿಸುತ್ತಿದ್ದರು. ಅದರಲ್ಲಿ ನಾವು ವಾಸ. ಸುತ್ತ ಹತ್ತು ಹನ್ನೆರಡು ಮನೆ ಎದ್ದ ಮೇಲೆ ಅದನ್ನೂ ಮಾರಿ ಮುಂದಿನ ಬಯಲಿಗೆ ಹೋಗುವುದು. ಅಕ್ಕಪಕ್ಕದಲ್ಲಿ ಮಾತಾಡಿಸುವವರು ಸಿಕ್ಕರು ಎನ್ನುವಷ್ಟರಲ್ಲಿ ಲಾರಿ ಬರುತ್ತಿತ್ತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಇಂಥ ಐದು ಮನೆಗಳಲ್ಲಿದ್ದೆ. ಈಗ ಆ ರಸ್ತೆಗಳಲ್ಲಿ ನಡೆದರೆ ಪ್ರತಿಯೊಂದರ ಮೊದಲ ಮನೆಯ ಒಳಗಿನ ನಕ್ಷೆ ನನಗೆ ಗೊತ್ತು, ಒಳಗಿರುವವರು ಗೊತ್ತಿಲ್ಲ.

ಭಾನುವಾರ ಜೀಪುಗಳು ಬರುತ್ತಿದ್ದವು. ಬಂದವರು ಸೈಟು ನೋಡುವುದಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ನೋಡುತ್ತಿದ್ದರು. ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು, ಬಚ್ಚಲಿನ ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ ಎಂದು ಬಗ್ಗಿ ನೋಡುತ್ತಿದ್ದರು. ಬರುವವರಲ್ಲಿ ಸಂಸೆ, ಕಳಸದ ಕಡೆಯ ಸಸ್ಯಾಹಾರಿಗಳೂ ಇರುತ್ತಿದ್ದರೆಂದು ನಮ್ಮ ಮನೆಯಲ್ಲಿ ಭಾನುವಾರ ಕೋಳಿ ಬೇಯುತ್ತಿರಲಿಲ್ಲ. ಊರಿಗೆಲ್ಲ ಭಾನುವಾರದ ಬಾಡೂಟ, ನಮಗೆ ಬುಧವಾರದ್ದು. ನಾನು ಬುಧವಾರ ಮಧ್ಯಾಹ್ನದ ಬುತ್ತಿಯಲ್ಲಿ ಕಡುಬು, ಕೋಳಿಸಾರು ಒಯ್ದು ಶಾಲೆಯಲ್ಲಿ ನಗೆಪಾಟಲಾದದ್ದುಂಟು. ಮೂಡಿಗೆರೆಯ ಒಬ್ಬ ತೋಟದ ಅಮ್ಮ ಒಮ್ಮೆ ನಾವು ಉಣ್ಣುತ್ತಿರುವಾಗಲೇ ಅಡುಗೆಮನೆಗೆ ಬಂದು, ಅಮ್ಮ ಎದ್ದೇಳುವ ಮೊದಲೇ ಗೂಡಿನ ಬಾಗಿಲು ತೆರೆದು ನೋಡಿದರು.

"ಮಸಾಲೆ ಡಬ್ಬ ಇಡೋಕೆ ಜಾಗ ಸಾಲಲ್ಲ ಅಲ್ವಾ ನಿಮ್ಗೆ?"

"ಸಾಲುತ್ತೆ," ಎಂದಳು ಅಮ್ಮ. "ನಮ್ದು ಡಬ್ಬ ಕಮ್ಮಿ."

"ಇಷ್ಟು ಕಮ್ಮಿ ಸಾಮಾನಲ್ಲಿ ಹೆಂಗೆ ಸಂಸಾರ ಮಾಡ್ತೀರಿ?"

"ಲಾರಿಗೆ ಹಾಕೋರಿಗೆ ಸುಲಭ ಆಗ್ಲಿ ಅಂತ."

ಆ ಅಮ್ಮ ನಕ್ಕರು. ಅಪ್ಪನೂ ನಕ್ಕರು. ಸೈಟು ಮಾರಾಟವಾಯಿತು.

ಅಮ್ಮನಿಗೆ ಬೇಕಿದ್ದುದು ಒಂದೇ, ಬಿಟ್ಟು ಹೋಗಬೇಕಿಲ್ಲದ ಒಂದು ಮನೆ. ಅದನ್ನು ಅವಳು ಹಟ ಹಿಡಿದು ಕೇಳಿದ್ದು ನನಗೆ ನೆನಪಿಲ್ಲ. ಅವಳ ದೂರುಗಳೆಲ್ಲ ಸಣ್ಣ ವಸ್ತುಗಳ ಬಗ್ಗೆ ಇರುತ್ತಿದ್ದವು. ರುಬ್ಬುವ ಕಲ್ಲನ್ನು ಇಳಿಸುವಾಗ ಲಾರಿಯವರು ಅಂಚು ಮುಕ್ಕು ಮಾಡಿದರು ಎಂದೋ, ಕರಿಬೇವನ್ನು ಎಷ್ಟು ದಿನ ಎಣ್ಣೆ ಡಬ್ಬದಲ್ಲೇ ಬೆಳೆಸುವುದು ಎಂದೋ. ಪ್ರತಿ ಹೊಸ ಮನೆಯಲ್ಲೂ ಅದೇ ಕಂಚಿನ ಚೆಂಬಿನಲ್ಲಿ ಹಾಲು ಉಕ್ಕಿಸುವಳು. ಉಕ್ಕಿ ಒಲೆಯ ಮೇಲೆ ಹರಿಯುವಾಗ ಅಪ್ಪ "ಪೂರ್ವಕ್ಕೆ ಹರಿತು, ಬೇಗ ಹೋಗುತ್ತೆ ಈ ಲೇಔಟು" ಎನ್ನುವರು. ಮನೆಗೆ ಒಳ್ಳೆಯದಾಗಲಿ ಎಂದು ಹಾಲು ಉಕ್ಕಿಸುವುದನ್ನು ಕೇಳಿದ್ದೇನೆ. ಮನೆ ಬೇಗ ಕೈ ಬಿಟ್ಟುಹೋಗಲಿ ಎಂದು ಉಕ್ಕಿಸಿದ್ದನ್ನು ನಮ್ಮಲ್ಲಿ ಮಾತ್ರ ನೋಡಿದೆ.

ನಾನು ಹತ್ತು ವರ್ಷದವಳಿದ್ದಾಗ ಅಪ್ಪ ಗಿರಿಯ ರಸ್ತೆಯ ಕಡೆ ಊರು ಮುಗಿಯುವಲ್ಲಿ ಒಂದು ಹಳೆಯ ಕಾಫಿ ತೋಟದ ತುಂಡು ಹಿಡಿದರು. ಅದು ನಮ್ಮ ಮೂರನೇ ಮನೆ. ತುಂಡಿನ ತುದಿಯಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣವೊಂದಿತ್ತು. ಒಂದು ಮೂಲೆ ಒಡೆದಿದ್ದರೂ ಉಳಿದದ್ದು ನುಣ್ಣಗೆ, ಬೆಳಿಗ್ಗೆ ಹತ್ತರ ಹೊತ್ತಿಗೇ ಬೆಚ್ಚಗಾಗುತ್ತಿತ್ತು. ಅಮ್ಮ ಮೊದಲ ದಿನ ಅದರ ಮೇಲೆ ಬರಿಗಾಲಲ್ಲಿ ನಿಂತಳು. ಬಹಳ ಹೊತ್ತು ನಿಂತಳು.

"ಇದನ್ನ ಒಡೀಬೇಡಿ," ಎಂದಳು.

"ಕಡೇ ಸೈಟಿಗೆ ಬರುತ್ತೆ ಅದು. ತಗೊಂಡೋರು ಒಡೀತಾರೆ," ಎಂದರು ಅಪ್ಪ.

"ಹಂಗಾದ್ರೆ ಅದನ್ನ ನಾವೇ ಇಟ್ಕೊಳೋಣ."

ಅಪ್ಪ ಜೊತೆಗಿದ್ದ ಮೇಸ್ತ್ರಿ ಹೂವಣ್ಣನ ಮುಖ ನೋಡಿದರು. ಹೂವಣ್ಣ ಎಸ್ಟೇಟಿನಿಂದಲೇ ಅಪ್ಪನ ಜೊತೆ ಬಂದವನು. ಆಳು ಕರೆತರುವುದು, ಗೂಟ ನೆಡಿಸುವುದು, ಗಿಡ ಕೀಳಿಸುವುದು ಅವನ ಕೆಲಸ. ಅವನು ಎಲೆಅಡಿಕೆ ಉಗಿದು ಹೇಳಿದ:

"ಕೊಟ್ಬಿಡಿ ರೈಟ್ರೇ. ಅಮ್ಮೋರು ಕೇಳಿದ್ದು ಇದೇ ಮೊದ್ಲು. ಎರಡನೇ ಸಲ ಕೇಳಿದ್ರೆ ಇನ್ನೂ ದೊಡ್ಡದು ಕೇಳ್ತಾರೆ."

ಹಾಗೆ ಎರಡನೇ ರಸ್ತೆಯ ಕಡೆಯ ಸೈಟು, ನಲವತ್ತೊಂದನೆಯದು, ಅಮ್ಮನದಾಯಿತು. ಅಪ್ಪ ನಕ್ಷೆಯಲ್ಲಿ ಆ ಚೌಕದೊಳಗೆ ಪೆನ್ಸಿಲಿನಿಂದ 'ಸ್ವಂತಕ್ಕೆ' ಎಂದು ಬರೆದರು. ಅವರ ಅಷ್ಟೂ ವರ್ಷದ ನಕ್ಷೆಗಳಲ್ಲಿ ಆ ಪದ ಇದ್ದದ್ದು ಅದೊಂದರಲ್ಲೇ. ಇದನ್ನು ನಾನು ಅವರು ಹೋದ ಮೇಲೆ ಎಲ್ಲವನ್ನೂ ಬಿಚ್ಚಿ ನೋಡಿ ಹೇಳುತ್ತಿದ್ದೇನೆ.

ಆ ತುಂಡಿನ ಮೊದಲ ರಸ್ತೆಯನ್ನು ಸರ್ವೇಯರ್ ಬಂದು ಸರಪಳಿ ಹಿಡಿದು ಅಳೆದುಕೊಟ್ಟಿದ್ದರು. ಎರಡನೇ ರಸ್ತೆಯ ಹೊತ್ತಿಗೆ ಅವರಿಗೆ ಸರ್ಕಾರಿ ಕೆಲಸ ಬಂತು, ತಿಂಗಳು ಕಳೆದರೂ ಬರಲಿಲ್ಲ. ಕಳಸದ ಕಡೆಯಿಂದ ಮುಂದಿನ ಭಾನುವಾರ ಎರಡು ಜೀಪು ಬರುವುದಿತ್ತು. ಅಪ್ಪ ಕಾಯಲಿಲ್ಲ. ಜೀವಮಾನವೆಲ್ಲ ಗಿಡ ಎಣಿಸಿದವರು. ಕಾಫಿ ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಆರಡಿ ಎಂಬುದು ಅವರಿಗೆ ಗಂಟೆಗೆ ಅರವತ್ತು ನಿಮಿಷ ಎಂಬಷ್ಟೇ ಖಚಿತ. ಐದು ಗಿಡ ದಾಟಿದರೆ ಮೂವತ್ತಡಿ, ಒಂದು ಸೈಟಿನ ಅಗಲ. ನೂರು ಗಿಡಕ್ಕೆ ಇಪ್ಪತ್ತು ಸೈಟು. ಒಂದು ಶನಿವಾರ ಅವರು ಗಿಡ ಮುಟ್ಟುತ್ತಾ ಮುಂದೆ ನಡೆದರು, ಹೂವಣ್ಣ ಐದೈದಕ್ಕೊಂದು ಗೂಟ ಹೊಡೆಯುತ್ತಾ ಹಿಂದೆ ಬಂದ, ನಾನು ರೂಲ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಪಕ್ಕದಲ್ಲಿದ್ದೆ. ಬರೆಯುವ ಕೆಲಸ ಕೊಟ್ಟಿದ್ದಾರೆಂದು ನನಗೆ ಹೆಮ್ಮೆ.

ಅಮ್ಮ ರವಿಕೆ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಟೇಪು ಅವತ್ತು ನನ್ನ ಕೊರಳಲ್ಲಿತ್ತು. ಆಟಕ್ಕೆ ಹಾಕಿಕೊಂಡು ಬಂದಿದ್ದೆ. ಅಪ್ಪ ಮತ್ತು ಹೂವಣ್ಣ ಬೀಡಿ ಹಚ್ಚಲು ನಿಂತಾಗ ನಾನು ಎರಡು ಗಿಡಗಳ ಬುಡದ ನಡುವೆ ಟೇಪು ಹಿಡಿದೆ. ಟೇಪು ಐದಡಿಗೆ ಮುಗಿಯಿತು. ಅಲ್ಲೊಂದು ಕಡ್ಡಿ ಚುಚ್ಚಿ ಮತ್ತೆ ಹಿಡಿದೆ. ಒಂಬತ್ತು ಇಂಚು ಬಂತು. ಮುಂದಿನ ಎರಡು ಗಿಡಗಳ ನಡುವೆ ಹಿಡಿದೆ. ಅಲ್ಲೂ ಒಂಬತ್ತು.

"ಅಪ್ಪಾ, ಆರಡಿ ಇಲ್ಲ ಇದು. ಐದಡಿ ಒಂಬತ್ತು ಇಂಚು."

"ಅದು ಬಟ್ಟೆ ಅಳೆಯೋ ಟೇಪು ಮಗಾ."

"ಆದ್ರೂ ಒಂಬತ್ತೇ ಬರ್ತಾ ಇದೆ."

"ಹಳೇ ಗಿಡ, ಬುಡ ವಾಲಿರುತ್ತೆ. ಆರಡಿ ಅಂತ ಬರ್ಕೊ."

ನಾನು ಆರಡಿ ಎಂದು ಬರೆದುಕೊಂಡೆ. ಅಪ್ಪನ ಮಾತು ಕೇಳಿಸಿಕೊಂಡು, ಟೇಪು ಮಡಚಿ, ಅಂದವಾದ ಅಕ್ಷರದಲ್ಲಿ ಬರೆದೆ. ಆ ತುಂಡನ್ನು ಎರಡು ತಲೆಮಾರಿನ ಹಿಂದೆ ಯಾರೋ ತಮ್ಮದೇ ಲೆಕ್ಕದಲ್ಲಿ ಸ್ವಲ್ಪ ಒತ್ತಾಗಿ ನೆಟ್ಟಿದ್ದರು, ಅಷ್ಟೆ. ಮುಂದಿನ ವಾರ ಗಿಡಗಳನ್ನು ಕಿತ್ತು ಸೌದೆ ಮಾಡಿದರು. ಗೂಟಗಳು ಉಳಿದವು.

ಕಣದ ಮೇಲೆ ಅಮ್ಮ ತನ್ನ ಮನೆಯನ್ನು ರಂಗೋಲಿ ಪುಡಿಯಿಂದ ಬರೆದದ್ದು ಆ ಬೇಸಿಗೆಯಲ್ಲಿ. ಮಧ್ಯಾಹ್ನ ಪಾತ್ರೆ ಮುಗಿಸಿ ಅಲ್ಲಿಗೆ ಹೋಗುತ್ತಿದ್ದಳು. ಅಡುಗೆಮನೆ, ಪಡಸಾಲೆ, ನನಗೊಂದು ಕೋಣೆ, ಹಿಂದೆ ಕಣದ ಅರ್ಧ ಹಾಗೆಯೇ ಬಿಟ್ಟು ಹಪ್ಪಳ, ಮೆಣಸಿನಕಾಯಿ ಒಣಗಿಸಲು ಅಂಗಳ. ಗಾಳಿಗೆ ಅಳಿಸಿದರೆ ಮತ್ತೆ ಬರೆಯುವಳು, ಪ್ರತಿಸಲ ಕೊಂಚ ಬದಲಿಸಿ. ಗೆರೆ ತುಳಿದು ಒಳಗೆ ಬಂದರೆ ನನಗೆ ಬೈಯುವಳು, ಬಾಗಿಲು ಇರುವಲ್ಲಿ ಬಾ ಎಂದು. ಅಪ್ಪನೂ ಸಂಜೆ ಬಂದು ನಿಲ್ಲುತ್ತಿದ್ದರು. ಇಲ್ಲದ ಮನೆಯ ಒಂದು ಕಿಟಕಿಗಾಗಿ ಅವರಿಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು.

"ಒಲೆ ಎದುರಿಗೆ ಕಿಟಕಿ ಇಟ್ರೆ ಮಳೆ ಇರ್ಚಲು ಹೊಡೆಯುತ್ತೆ ಸರೋಜ."

"ಹೊಡೀಲಿ. ಒರೆಸೋಳು ನಾನು."

"ಮೂರು ಮನೆ ಕಟ್ಸಿದೀನಿ ನಾನು."

"ಹೂಂ. ಒಂದ್ರಲ್ಲಾದ್ರೂ ಅಡುಗೆ ಮಾಡಿದೀರಾ?"

ಅದೇ ವಾರ ಅಮ್ಮ ಪೇಟೆಯ ಕಬ್ಬಿಣದ ಅಂಗಡಿಯಿಂದ ಒಂದು ಪೊಟ್ಟಣ ಮೊಳೆ ತಂದಳು. ಎರಡಿಂಚಿನವು. ಪಾಯ ತೋಡಿಲ್ಲ, ಇಟ್ಟಿಗೆ ಬಂದಿಲ್ಲ, ಮೊಳೆ ಬಂತು. ಅದನ್ನು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ದೇವರ ಹಲಗೆಯ ಕೆಳಗಿಟ್ಟಳು. ಅಪ್ಪ ನೋಡಿದರು.

ಎಡವಟ್ಟು ಬೆಳಕಿಗೆ ಬಂದದ್ದು ಸಂಸೆಯ ಮೇಷ್ಟ್ರಿಂದ. ಅವರು ಇಪ್ಪತ್ತಾರನೇ ಸೈಟು ಕೊಂಡವರು. ನಿವೃತ್ತಿಗೆ ಮೂರು ವರ್ಷವಿತ್ತು. ಬಸ್ಸಿನಲ್ಲಿ ಅರ್ಧ ದಿನ ಪ್ರಯಾಣ ಮಾಡಿ ಭಾನುವಾರ ಬಂದು, ತಮ್ಮ ಸೈಟಿನಲ್ಲಿ ಕೊಡೆ ಊರಿ ಕೂತು, ತಂದ ಅವಲಕ್ಕಿ ತಿಂದು ಹೋಗುತ್ತಿದ್ದರು. ಶಾಲೆಯಲ್ಲಿ ಗಣಿತ ಹೇಳುವವರು. ಆ ಭಾನುವಾರ ಕಬ್ಬಿಣದ ಟೇಪು ತಂದಿದ್ದರು. ಅಳೆದವರು ನೇರ ನಮ್ಮ ಜಗಲಿಗೆ ಬಂದರು. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು.

"ರೈಟ್ರೇ, ನಂಗೆ ನೀವು ಮೂವತ್ತು ಅಡಿ ಹೇಳಿದ್ದು ಹೌದಾ?"

"ಹೌದು ಮೇಷ್ಟ್ರೇ. ಏನಾಯ್ತು?"

"ಇಪ್ಪತ್ತೆಂಟೂ ಮುಕ್ಕಾಲು ಉಂಟು ಮಾರಾಯ್ರೆ. ಎಂತ, ಒಂದೂಕಾಲು ಅಡಿ ಇಲಿ ತಿಂತಾ?"

"ಟೇಪು ಸಡಿಲ ಹಿಡಿದಿರ್ತೀರಿ."

"ಮೂರು ಸಲ ಹಿಡಿದೆ. ಪಕ್ಕದ ಸೈಟೂ ಹಿಡಿದೆ, ಅದಕ್ಕೂ ಅಷ್ಟೇ ಕಾಯಿಲೆ. ನಾನು ಜಗಳಕ್ಕೆ ಬಂದವನಲ್ಲ. ನಂಗೆ ಒಂದೂಕಾಲು ಅಡಿ ದೊಡ್ಡದಲ್ಲ. ಆದ್ರೆ ಎಲ್ಲರಿಗೂ ಒಂದೇ ಸಮ ಕಮ್ಮಿ ಬಂದಿದ್ದು ಹೇಗೆ ಅಂತ ನಂಗೆ ತಿಳೀಬೇಕು."

ಅಪ್ಪ ನನ್ನ ಕಡೆ ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅದು ಎಷ್ಟು ಹೊತ್ತಿನ ನೋಟ ಎಂದು ಕೇಳಿದರೆ ಹೇಳಲಾರೆ. ರೊಟ್ಟಿ ಸೀಯುವಷ್ಟು ಹೊತ್ತು ಖಂಡಿತ ಅಲ್ಲ. ಆಮೇಲೆ ಅವರು ಎದ್ದು ಮೇಷ್ಟ್ರ ಟೇಪು ಇಸಿದುಕೊಂಡು ಹೂವಣ್ಣನ ಜೊತೆ ಹೋಗಿ ಇಡೀ ಸಾಲು ಅಳೆದರು. ಆರುನೂರು ಅಡಿ ಇರಬೇಕಾದ ಕಡೆ ಐನೂರ ಎಪ್ಪತ್ತೈದು ಇತ್ತು. ಇಪ್ಪತ್ತೈದು ಅಡಿ ಜಮೀನು ಕಾಗದದಲ್ಲಿತ್ತು, ನೆಲದ ಮೇಲೆ ಇರಲಿಲ್ಲ.

ಹತ್ತೊಂಬತ್ತು ಜನಕ್ಕೆ ಮೂವತ್ತಡಿ ಎಂದು ಮಾತು ಹೋಗಿತ್ತು. ಕೊರತೆ ಎಲ್ಲಿಂದಾದರೂ ಬರಬೇಕಿತ್ತು, ಬರಲು ಇದ್ದುದು ಎರಡೇ ಜಾಗ. ಸಾಲಿನ ಈ ತುದಿಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಎರಡು ಸೈಟಿನಗಲದ ಬಯಲು. ಆ ತುದಿಯಲ್ಲಿ ಅಮ್ಮನ ನಲವತ್ತೊಂದು. ಗೂಟಗಳನ್ನೆಲ್ಲ ಪಾರ್ಕಿನ ಕಡೆಗೆ ಸರಿಸಿದರೆ ಅಮ್ಮನ ಸೈಟು ಉಳಿಯುತ್ತಿತ್ತು. ಕಣದ ಕಡೆಗೆ ಸರಿಸಿದರೆ ಅದರಲ್ಲಿ ಐದಡಿ ಅಗಲ ಉಳಿಯುತ್ತಿತ್ತು. ಮೇಷ್ಟ್ರು ಊಟಕ್ಕೆ ಕೂತಿದ್ದರು. ಹೂವಣ್ಣ ಹೊಸ್ತಿಲಾಚೆ ನಿಂತು, ಎಲ್ಲರ ಮನಸ್ಸಿನಲ್ಲಿ ಇದ್ದುದನ್ನು ಹೇಳಿದ:

"ಪಾರ್ಕಲ್ಲಿ ಹುಲ್ಲು ಬೆಳ್ದಿದೆ ರೈಟ್ರೇ. ಹಸ ಮೇಯ್ತಾವೆ. ಯಾರು ಬಂದು ಅಳೀತಾರೆ?"

"ಅಳೀತಾರೆ," ಎಂದರು ಅಪ್ಪ. "ಇವತ್ತು ಮೇಷ್ಟ್ರು ಅಳೆದ್ರು."

"ನನ್ನನ್ನ ಮಧ್ಯ ತರಬೇಡಿ," ಎಂದರು ಮೇಷ್ಟ್ರು. "ನಂಗೆ ಇಪ್ಪತ್ತೆಂಟೂ ಮುಕ್ಕಾಲೇ ಸಾಕು ಬೇಕಾದ್ರೆ. ಬರೆದುಕೊಡ್ತೇನೆ."

"ನೀವು ಬಿಟ್ರೆ ಉಳಿದೋರಿಗೆ ನಾನು ಏನು ಹೇಳ್ಲಿ ಮೇಷ್ಟ್ರೇ?"

ಅಮ್ಮ ಒಲೆಯ ಮುಂದೆಯೇ ಇದ್ದಳು. ತಿರುಗಲಿಲ್ಲ. ಕಾವಲಿಯ ಮೇಲಿನ ರೊಟ್ಟಿ ಮಗುಚಿ, ಒತ್ತಿ, ನಿಧಾನವಾಗಿ ಕೇಳಿದಳು.

"ಪಾರ್ಕು ಸ್ವಲ್ಪ ಚಿಕ್ಕದಾದ್ರೆ ಏನಾಗುತ್ತೆ?"

ಅಮ್ಮ ಎರಡನೇ ಸಲ ಕೇಳಿದ್ದು ಅದು. ಹೂವಣ್ಣ ಹೇಳಿದ್ದಂತೆ ದೊಡ್ಡದನ್ನೇನೂ ಕೇಳಿರಲಿಲ್ಲ. ಅಪ್ಪ ದನಿ ಏರಿಸಲಿಲ್ಲ.

"ನಾನು ಪಾರ್ಕು ತೋರಿಸಿ ಸೈಟು ಮಾರಿದೀನಿ ಸರೋಜ. ನಿನ್ನ ಮನೆ ತೋರಿಸಿ ಅಲ್ಲ."

"ಸರಿ," ಎಂದಳು ಅಮ್ಮ. ಮೇಷ್ಟ್ರ ಎಲೆಗೆ ರೊಟ್ಟಿ ಬಡಿಸಿದಳು. ಅವರು ಸಾಕು ಎಂದು ಕೈ ಅಡ್ಡ ಹಿಡಿದರೂ ಬಡಿಸಿದಳು.

ಇಷ್ಟು ವರ್ಷದ ಮೇಲೆ ಆ ಮಾತನ್ನು ತೂಗಿ ನೋಡಿದರೆ ಅಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಅವರ ನಂತರ ಊರಿನಲ್ಲಿ ಬಡಾವಣೆ ಮಾಡಿದವರು ಎಷ್ಟೋ ಜನ. ನಕ್ಷೆಯಲ್ಲಿ ಹಸಿರು ಬಳಿದ ಎಷ್ಟೋ ಚೌಕಗಳಲ್ಲಿ ಈಗ ಮೂರಂತಸ್ತಿನ ಮನೆಗಳಿವೆ. ರೈಟ್ರ ಪಾರ್ಕು ಮಾತ್ರ ಇದೆ, ಅಳತೆಗೆ ಸರಿಯಾಗಿ ಇದೆ. ಸಂಜೆ ಅಲ್ಲಿ ಮುದುಕರು ಕೂರುತ್ತಾರೆ, ಮಕ್ಕಳು ಆಡುತ್ತವೆ. ತಪ್ಪು ಲೆಕ್ಕ ಹಾಕಿದವರು ತಾವೆಂದು ಅಪ್ಪ ಒಪ್ಪಿಕೊಂಡರು, ಅದರ ಬೆಲೆಯನ್ನು ಕೊಂಡವರಿಂದ ವಸೂಲು ಮಾಡಲಿಲ್ಲ, ಸ್ವಂತದ್ದನ್ನೇ ಬಿಟ್ಟುಕೊಟ್ಟರು. ಊರು ಹೇಳುವುದು ಇಷ್ಟನ್ನೇ. ಆ ಸ್ವಂತದ್ದು ಯಾರ ಸ್ವಂತದ್ದು ಎಂದು ಊರು ಕೇಳಲಿಲ್ಲ. ಅವತ್ತು ಮನೆಯೊಳಗೂ ಯಾರೂ ಕೇಳಲಿಲ್ಲ. ನನ್ನ ರೂಲ್ಡ್ ಪುಸ್ತಕದಲ್ಲಿದ್ದ ಆರಡಿಯ ಬಗ್ಗೆಯೂ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ಸಂಜೆ ಆ ಹಾಳೆ ಹರಿದು ಬಚ್ಚಲ ಒಲೆಗೆ ಹಾಕಿದೆ.

ಐದಡಿ ಅಗಲ, ನಲವತ್ತಡಿ ಉದ್ದದ ಪಟ್ಟಿಯೊಂದು ಉಳಿಯಿತು. ಕಣದ ಅಂಚು. ನಾವು ಆ ಬಡಾವಣೆಯಲ್ಲಿದ್ದಷ್ಟು ದಿನ ಅಮ್ಮ ಅಲ್ಲಿ ಮೆಣಸಿನಕಾಯಿ ಒಣಗಿಸಿದಳು. ಉದ್ದಕ್ಕೆ ಒಂದೇ ಸಾಲಾಗಿ ಹರಡುತ್ತಿದ್ದಳು, ಅಗಲಕ್ಕೆ ನಡೆಯಲು ಜಾಗ ಬೇಕಲ್ಲ. ರಂಗೋಲಿ ಪುಡಿಯ ಮನೆಯನ್ನು ಮತ್ತೆ ಬರೆಯಲಿಲ್ಲ. ಪಕ್ಕದ ನಲವತ್ತನೇ ಸೈಟಿನವರು ಪಾಯ ತೋಡುವಾಗ ಕಣದ ಉಳಿದ ಭಾಗ ಒಡೆದರು. ಮೇಷ್ಟ್ರು ಮನೆ ಕಟ್ಟಿಸಿದರು, ಗೃಹಪ್ರವೇಶಕ್ಕೆ ಅಮ್ಮನಿಗೆ ಸೀರೆ ಕೊಟ್ಟರು. ಅದನ್ನು ಅವಳು ಉಟ್ಟದ್ದು ನೋಡಿಲ್ಲ. ಮರುವರ್ಷ ಲಾರಿ ಬಂತು. ನಾಲ್ಕನೇ ಮನೆಯಲ್ಲಿ ಅಮ್ಮ ಹಾಲಿಟ್ಟಳು, ಚೆಂಬಿನ ತಳಕ್ಕೆ ಹತ್ತುವಷ್ಟು. ಕುದಿಯಿತು, ಏರಿತು, ಅರ್ಧಕ್ಕೆ ನಿಂತಿತು.

"ಉಕ್ಕಲಿಲ್ವಲ್ಲ," ಎಂದರು ಅಪ್ಪ.

"ಉಕ್ಕಿದ್ರೆ ಒಲೆ ಕೊಳೆಯಾಗುತ್ತೆ. ಭಾನುವಾರ ಜನ ಬರ್ತಾರೆ."

ಐದು, ಆರು, ಏಳನೇ ಮನೆಗಳಲ್ಲೂ ಹಾಲು ಉಕ್ಕಲಿಲ್ಲ. ಮಾರಾಟಕ್ಕೇನೂ ತೊಂದರೆಯಾಗಲಿಲ್ಲ.

ನಾನು ಪತ್ರಿಕೆ ಸೇರಿದೆ. ಜಿಲ್ಲೆಯ ವರದಿ, ಆಮೇಲೆ ಡೆಸ್ಕು, ಮತ್ತೆ ಜಿಲ್ಲೆ. ಅಳೆದದ್ದನ್ನು ಬಿಟ್ಟು ಹೇಳಿಸಿಕೊಂಡದ್ದನ್ನು ಬರೆಯಬಾರದು ಎಂದು ನನಗೆ ಯಾವ ಸಂಪಾದಕರೂ ಕಲಿಸಬೇಕಾಗಲಿಲ್ಲ. ಇದರಿಂದ ಆದ ಒಳ್ಳೆಯದೆಷ್ಟು ಎಂದರೆ ಹೆಚ್ಚೇನೂ ಇಲ್ಲ. ವರದಿ ಬರುತ್ತದೆ, ಒಂದು ವಾರ ಮಾತಾಗುತ್ತದೆ, ಗೋಡೆ ಮೇಲೇಳುತ್ತದೆ. ಬೇರೆಯವರ ಬಡಾವಣೆಯೊಂದರಲ್ಲಿ ಪಾರ್ಕು ಕಿರಿದಾಗುತ್ತಾ ಹೋಗಿ ಕಡೆಗೆ ಒಂದು ಟ್ಯಾಂಕಿನ ಸುತ್ತಲಿನ ಹುಲ್ಲಾಗಿ ಉಳಿದದ್ದನ್ನು ಒಮ್ಮೆ ಬರೆದಿದ್ದೆ. ಆ ಬೆಳಿಗ್ಗೆ ಅಪ್ಪ ಕನ್ನಡಕ ಏರಿಸಿ ಪೂರ್ತಿ ಓದಿದರು. ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಈ ಅಳತೆ ಯಾರು ಹಿಡಿದಿದ್ದು?"

"ನಾನೇ."

"ಟೇಪಲ್ಲಾ?"

"ಟೇಪಲ್ಲೇ."

"ಸರಿ," ಎಂದರು. ಆ ಶನಿವಾರದ ಬಗ್ಗೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ. ಅದು ಆ ಶನಿವಾರದ ಬಗ್ಗೆಯೇ ಆಗಿತ್ತು ಎಂಬುದು ನನ್ನ ಊಹೆ.

ಏಳನೇ ಮನೆಯನ್ನು ಅಪ್ಪ ಮಾರಲಿಲ್ಲ. ನಮಗಾಗಿ ಉಳಿಸಿದರು ಎಂದು ಬರೆದರೆ ತಪ್ಪಾಗುತ್ತದೆ. ಸುತ್ತ ಹತ್ತು ಮನೆ ಏಳುವ ಹೊತ್ತಿಗೆ ಅವರ ಕಾಲು ಸೋತಿತು, ಆಮೇಲೆ ಹಾಸಿಗೆ ಹಿಡಿದರು, ಆಮೇಲೆ ಹೋದರು. ಕೊಳ್ಳುವವರನ್ನು ಕರೆತರಲು ಯಾರೂ ಇಲ್ಲದೆ ಮನೆ ನಮಗೆ ಉಳಿಯಿತು. ನಾನು ಕೆಲಸದಿಂದ ನಿವೃತ್ತಳಾಗಿ ಅಮ್ಮನ ಜೊತೆ ಬಂದು ಸೇರಿದೆ. ಹೋದ ತಿಂಗಳು ಗಿರಿಯ ರಸ್ತೆಗೆ ಹೋಗಿದ್ದೆ. ಐದಡಿಯ ಆ ಪಟ್ಟಿಯಲ್ಲಿ ಪಕ್ಕದ ಹೋಂಸ್ಟೇಯವರು ಗ್ಯಾಸ್ ಸಿಲಿಂಡರು ಸಾಲಾಗಿ ನಿಲ್ಲಿಸಿದ್ದಾರೆ. ಸಿಮೆಂಟು ಇನ್ನೂ ನುಣ್ಣಗಿದೆ. ಮನೆಗೆ ಬಂದು ಅಮ್ಮನಿಗೆ ಅದನ್ನು ಹೇಳಿದೆ. ಹೇಳುತ್ತಾ ಹೇಳುತ್ತಾ ಒಂಬತ್ತು ಇಂಚಿನ ವಿಷಯವನ್ನೂ ಹೇಳಿಬಿಟ್ಟೆ. ಅವಳು ಅವರೆಕಾಳು ಹಿಸುಕಿ ಸಿಪ್ಪೆ ಚಿಲುಕಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದಳು.

"ಹೆಂಗೆ?"

"ಟೇಪಿಗೆ ಕೆಮ್ಮಣ್ಣು ಹತ್ತಿತ್ತು. ಏನಳೆದ್ಳು ಇವ್ಳು ಅಂತ ಮಾರನೇ ದಿನ ನಾನೂ ಹೋಗಿ ಹಿಡಿದೆ. ಒಂಬತ್ತೇ ಬಂತು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ? ಗಿಡ ಕೀಳೋ ಮೊದ್ಲು ಹೇಳಿದ್ರೆ..."

"ಹೇಳಿದ್ರೆ ಗೂಟ ಕಿತ್ತು ಸರಿಯಾಗಿ ಹಾಕ್ತಿದ್ರು. ಆಗ್ಲೂ ಕಮ್ಮಿ ಬರೋದು ಕಡೇ ಸೈಟಿಗೇ. ಅವತ್ತೇ ಹೋಗ್ತಿತ್ತು. ಹೇಳ್ದೆ ಇದ್ದಿದ್ಕೆ ಒಂದು ಬೇಸಿಗೆ ಸಿಕ್ತು ನಂಗೆ."

ಕಾಳಿನ ಬೋಗುಣಿ ಪಕ್ಕಕ್ಕೆ ಸರಿಸಿ, ಸಿಪ್ಪೆ ಬಾಚಿ, ಎದ್ದು ಒಳಗೆ ಹೋದಳು. ಅಪ್ಪನ ಫೋಟೋ ಹಾರ ಹಾಕಿಸಿಕೊಂಡು ಪಡಸಾಲೆಯ ಕುರ್ಚಿಯ ಮೇಲೆ ಗೋಡೆಗೆ ಒರಗಿ ಕೂತು ಆರು ತಿಂಗಳಾಗಿತ್ತು. ಬಂದವರು ಕೂರಲು ಜಾಗವಿಲ್ಲದೆ ನಿಂತೇ ಮಾತಾಡಿ ಹೋಗುತ್ತಿದ್ದರು. ಮೊಳೆ ಹೊಡೆಯಲೇ ಎಂದು ನಾನು ಎರಡು ಮೂರು ಸಲ ಕೇಳಿದ್ದೆ, ಅಮ್ಮ ನೋಡೋಣ ಎಂದಿದ್ದಳು. ಈಗ ಬಿಸ್ಕತ್ತಿನ ಡಬ್ಬ ತಂದು ನನ್ನ ಮುಂದಿಟ್ಟಳು. ಮುಚ್ಚಳ ತುಕ್ಕು ಹಿಡಿದು ಚಮಚದಿಂದ ಎತ್ತಬೇಕಾಯಿತು. ಒಳಗಿನ ಪೊಟ್ಟಣ ಬಿಚ್ಚಿರಲಿಲ್ಲ. ಅಂಗಡಿಯವನು ಕಟ್ಟಿದ ದಾರದ ಗಂಟು ಹಾಗೇ ಇತ್ತು. ನಾನು ಸುತ್ತಿಗೆ ತಂದು ಪಡಸಾಲೆಯ ಗೋಡೆಯ ಹತ್ತಿರ ಸ್ಟೂಲು ಎಳೆದೆ.

"ಅಲ್ಲಲ್ಲ," ಎಂದಳು ಅಮ್ಮ. "ಅಡುಗೆಮನೆಗೆ ಬಾ. ಮೊದ್ಲು ಕ್ಯಾಲೆಂಡರು."

ಒಲೆಯ ಎದುರಿನ ಕಿಟಕಿಯ ಪಕ್ಕ ಬೆರಳಿಟ್ಟು ಜಾಗ ತೋರಿಸಿದಳು. ಹೊಡೆದೆ. ಸುಣ್ಣ ಸ್ವಲ್ಪ ಉದುರಿತು. ಅವಳು ಸರಳಿನಿಂದ ದಾರ ಬಿಚ್ಚಿ, ಕ್ಯಾಲೆಂಡರನ್ನು ಮೊಳೆಗೆ ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅದು ತಿರುಗಲಿಲ್ಲ.

"ಅಪ್ಪಂದು?" ಎಂದೆ.

"ಇರ್ಲಿ ಬಿಡು, ಕೂತಿದಾರಲ್ಲ," ಎಂದು ಅವಳು ಅವರೆಕಾಳು ತೊಳೆಯಲು ನಲ್ಲಿ ತಿರುಗಿಸಿದಳು.